ಬೀಗ ತೆಗೆದ ವಿಡಿಯೊ

ಚಳಿಗಾಲದ ಒಂದು ಬೆಳಿಗ್ಗೆ, ಅಂಗಡಿ ತೆರೆಯುವ ಹೊತ್ತಿಗೆ ಅಳಿಯ ಫೋನ್ ಹಿಡಿದು ಬಂದ. "ಮಾವ, ನಿಮ್ಮ ಕೈಚಳಕ ತೋರಿಸಿ, ಗಿರಾಕಿಗಳು ಮುಗಿಬೀಳ್ತಾರೆ." ಬೀಗ ರಿಪೇರಿಯ ಮುದುಕ ತಂತಿಯ ತುಂಡೊಂದರಿಂದ ಕಣ್ಣು ಮಿಟುಕಿಸುವಷ್ಟರಲ್ಲಿ ಬೀಗ ತೆಗೆದ. ವಿಡಿಯೊ ಬೀದಿಗೆಲ್ಲ ಹರಡಿತು.

ಅಂದಿನಿಂದ ಅವನು ನಡೆದಲ್ಲೆಲ್ಲ ಒಳಗಿನಿಂದ ಚಿಲಕ ಬೀಳುವ ಸದ್ದು. ಜನ ಹೊಸ ಬೀಗವನ್ನೇನೋ ಕೊಂಡರು, ಆದರೆ ಆಚೆ ಬೀದಿಯ ಅಂಗಡಿಯಲ್ಲಿ. ತನ್ನ ಮಳಿಗೆಯ ಕೀಲಿಯನ್ನು ಸದಾ ಇವನ ಬಳಿಯೇ ಇಡುತ್ತಿದ್ದ ಪಕ್ಕದ ದರ್ಜಿಯೂ ಅದನ್ನು ವಾಪಸು ಕೇಳಿದ.

"ನಿನಗೂ ನನ್ನ ಮೇಲೆ ಅನುಮಾನವೇನೋ?"

"ಛೇ, ಇಲ್ಲಣ್ಣ. ಮನೆಯವಳು ಪ್ರಾಣ ತಿಂತಾಳೆ."

"ಕೀಲಿ ಇಲ್ದೆಯೂ ತೆಗೀತೀನಿ ಅಂತ ಗೊತ್ತಲ್ಲೋ ನಿನಗೆ!" ಎಂದು ಮುದುಕ ನಗಿಸಲು ನೋಡಿದ.

ದರ್ಜಿ ನಗಲಿಲ್ಲ.

ಅಳಿಯ ವಿಡಿಯೊ ಅಳಿಸಿದ. ಆದರೂ ಗುರುವಾರ ದರ್ಜಿ ಮಳಿಗೆ ಖಾಲಿ ಮಾಡಿ, ಹೊಲಿಗೆ ಯಂತ್ರ ಹೊರಿಸಿಕೊಂಡು ಹೋದ.