ಸಾಬೂನು ಕುಡಿದ ಡ್ರಮ್ಮು

ಹಿಮ ಕರಗುವ ಮಾರ್ಚ್ ತಿಂಗಳ ಮಂಗಳವಾರ, ಬೆಳಗಿನ ಆರು ಗಂಟೆ, ಮೀನು ಸಾಕುವ ನೆಲಮಾಳಿಗೆಯಲ್ಲಿ ನೀಲಿ ಡ್ರಮ್ಮಿನೊಳಗೆ ತಲೆ ತೂರಿಸಿದ ವ್ಲಾಸ್ತಾಳ ಮೂಗಿಗೆ ಏನೋ ಬಂತು, ಇಲ್ಲ, ಬರಲಿಲ್ಲ, ಒಗೆದು ಮಡಿಸಿಟ್ಟ ಚಾದರದ ಹಾಗೆ ಒಂದು ಎಳೆ ಅಷ್ಟೆ — ಮತ್ತೆ ಮೂಸಿದರೆ ಬರೀ ಪ್ಲಾಸ್ಟಿಕ್ಕು, ಹಿಂದೆ ನಿಂತ ಮೈದುನ ಒತಾಕರ್ ನಗುತ್ತಿದ್ದಾನೆ, ಬಾವಿಗೆ ಬಿದ್ರಾ ಅತ್ತಿಗೆ, ಹಗ್ಗ ಬಿಡ್ಲಾ, ಅದರಲ್ಲಿದ್ದಿದ್ದು ಸೌತೆಕಾಯಿ ಉಪ್ಪಿನಕಾಯಿಗೆ ಹಾಕೋ ಹುಳಿ, ಮೂರು ಸಲ ತೊಳೆದಿದೀನಿ, ಚೀಟಿನೂ ಕಿತ್ತಿದೀನಿ — ಚೀಟಿ ಯಾಕೋ ಕಿತ್ತೆ, ಅದನ್ನೇ ಅಲ್ಲವೇ ಮೊದಲು ಓದಬೇಕಾದ್ದು, ಗಂಡ ಯಾರೋಮೀರ್ ಬದುಕಿದ್ದಿದ್ದರೆ ಚೀಟಿಯಿಲ್ಲದ ಡ್ರಮ್ಮನ್ನು ಮೆಟ್ಟಿಲು ಇಳಿಸಲು ಬಿಡುತ್ತಿರಲಿಲ್ಲ, ಆಸಿಡ್ಡು ಹೆದರಿಸುತ್ತೆ ಕಣೇ, ನೀರು ಹೊಯ್ದರೆ ಹೋಗುತ್ತೆ, ಸಾಬೂನು ಘಮ್ಮಂತ ನೆಂಟನ ಹಾಗೆ ಬರುತ್ತೆ, ಕೂತರೆ ಏಳಲ್ಲ, ಪ್ಲಾಸ್ಟಿಕ್ಕು ಅದನ್ನ ಕುಡಿದುಬಿಡುತ್ತೆ — ಹಾಗೆ ಹೇಳುತ್ತಿದ್ದ ಗಂಡ ಒಂದು ಸಲ ಅಂಥದೇ ಡ್ರಮ್ಮಿಗೆ ತಾನೇ ಮೋಸಹೋದ, ಹದಿನಾಲ್ಕು ತೊಟ್ಟಿಯ ಮೀನು ಹೋದವು, ಚಹಾ ಸೋಸುವ ಜಾಲರಿಯಲ್ಲಿ ಸತ್ತ ಮೀನನ್ನು ದಿನವಿಡೀ ಒಂದೊಂದಾಗಿ ಎತ್ತಿದ, ಉಳಿದದ್ದು ಎರಡೇ ತೊಟ್ಟಿ, ಅವುಗಳ ಸಂತಾನವೇ ಇಲ್ಲಿ ತಟ್ಟೆಯಗಲದ ಈ ಜೋಡಿ, ಅವನು ಇಪ್ಪತ್ತೆರಡು ವರ್ಷ ಕಾಪಾಡಿದ ತಳಿಯ ಕೊನೆಯದು, ಅವುಗಳ ಮೈಗೆ ಅಂಟಿ ಮೈಯ ಲೋಳೆ ಮೇಯುತ್ತಿರುವ ಅರವತ್ತು ಮರಿಗಳು, ಮರಿಗಳಿಗೆ ದಿನಾ ಹೊಸ ನೀರು ಬೇಕು, ಹಳೆಯ ಡ್ರಮ್ಮು ಅಂಗಳದ ಹಿಮಕ್ಕೆ ಸೀಳಿಹೋಯಿತು, ಹದಮಾಡಿಟ್ಟ ನೀರು ನಾಳೆಗೆ ಮುಗಿಯುತ್ತದೆ. ಸುರೀರಿ ಅತ್ತಿಗೆ, ಯೋಚನೆ ಏನು? ಇಲ್ಲ, ನೀರುಚಿಗಟ ಬಿಡ್ತೀನಿ, ಒಂದು ಹಗಲು ಒಂದು ರಾತ್ರಿ ಬದುಕಿದರೆ ಆಮೇಲೆ ಮರಿಗೆ ಈ ನೀರು. ನನ್ನ ಮಾತಿಗಿಂತ ಚಿಗಟದ ಮಾತು ಹೆಚ್ಚಾಯ್ತಾ? ಹೂಂ ಕಣೋ ಒತಾ, ಚಿಗಟಕ್ಕೆ ಸಂಕೋಚ ಇರಲ್ಲ. ಡ್ರಮ್ಮಿಗೆ ನೀರು ತುಂಬಿ ಮೀನಿನ ಮೇವಿಗೆ ಸಾಕಿದ ಭರಣಿಯಿಂದ ಒಂದು ಚಮಚ ಚಿಗಟ ಬಿಟ್ಟಳು, ಸಾಸಿವೆಗಿಂತ ಸಣ್ಣವು, ಅದೇ ನಲ್ಲಿಯ ನೀರಿನ ಗಾಜಿನ ಲೋಟಕ್ಕೂ ಒಂದು ಚಮಚ, ಪಕ್ಕದಲ್ಲೇ ಇಟ್ಟಳು.

ಬುಧವಾರ ಬೆಳಿಗ್ಗೆ ಲೋಟದಲ್ಲಿ ಕುಣಿತ, ಡ್ರಮ್ಮಿನ ತಳದಲ್ಲಿ ಬೂದಿ. ಥಂಡಿಗೆ ಸತ್ತಿರ್ಬೇಕು, ಅಂದ ಒತಾಕರ್, ಲೋಟದ್ದು ಸಾಯ್ಲಿಲ್ವಲ್ಲೋ, ಅಂದಳು, ಅವನು ಟೋಪಿ ತೆಗೆದು ಮತ್ತೆ ಹಾಕಿಕೊಂಡ, ಲಾಂಡ್ರಿಯವನು ಕೊಟ್ಟಿದ್ದು ಅತ್ತಿಗೆ, ನಿಮಗೆ ನೀರಿನ ಚಿಂತೆ ತಪ್ಪಲಿ ಅಂತ, ಹುಳಿ ಅಂದ್ರೆ ಬೇಡ ಅನ್ನಲ್ಲ ಅಂತ — ಇವನ ಮುಖ, ಅಣ್ಣನ ಮೂಗೇ, ಮಣ್ಣು ಮಾಡಿ ಬಂದ ದಿನದಿಂದ ಈ ಮೆಟ್ಟಿಲು ಇಳಿದು ಬರುವವನು ಇವನೊಬ್ಬನೇ, ಹತ್ತು ಗಂಟೆಗೆ ಎರಡು ಬಟ್ಟಲು ಕಾಫಿ, ಇರಲಿ ಬಿಡು, ಇನ್ನೊಮ್ಮೆ ತೊಳೆದು ನೋಡೋಣ ಅಂದುಬಿಟ್ಟರೆ ನಾಳೆಯೂ ಬರುತ್ತಾನೆ, ಅನ್ನಬೇಕು, ನಾಲಿಗೆಯ ತುದಿಗೆ ಬಂದಿದೆ, ಮರಿಗಳು ತಾಯಿಯ ಮೈಯಿಂದ ತಂದೆಯ ಮೈಗೆ ಒಟ್ಟಿಗೆ ಹಾರಿದವು — ಈ ಡ್ರಮ್ಮು ಈ ಮನೆಗೆ ಬೇಡ, ಒತಾ. ಸರಿ. ನಿಮ್ಮ ಗಂಡ ಸತ್ತ ಮೇಲೆ ನೀವೇ ಗಂಡ ಆದ್ರಿ. ಆಗಲಿ, ಅಂದಳು.

ಸೌತೆಕಾಯಿ ಹಾಕಿಡುವ ಖಾಲಿ ಜಾಡಿಗಳು ಅಟ್ಟದಲ್ಲಿ ಎಪ್ಪತ್ತಿವೆ, ಇಷ್ಟು ದಿನ ಯಾಕೆ ಹೊಳೆಯಲಿಲ್ಲ, ಮೂರು ಪಾಲು ಮಳೆನೀರು, ಒಂದು ಪಾಲು ನಲ್ಲಿಯದು, ಒಲೆಯ ಸುತ್ತ ಸಾಲಾಗಿ, ಮುಂಗೈ ಮುಟ್ಟಿಸಿ ಬೆಚ್ಚಗಾಯಿತೇ ನೋಡಿ, ಒಂದು ಸಲಕ್ಕೆ ಎರಡು, ಹದಿನೇಳು ಮೆಟ್ಟಿಲು, ಮೊಣಕಾಲು ಬೈಯುತ್ತದೆ, ಬೈಯಲಿ, ಮತ್ತೆ ಎರಡು, ಮರಿಗಳು ಮೇಯುತ್ತಿವೆ, ಮತ್ತೆ ಎರಡು — ಗುರುವಾರ ಒಂಬತ್ತರ ಬಸ್ಸಿಗೆ ಒತಾಕರ್ ಹೊರಟ, ತಾಬೋರ್‌ನಲ್ಲಿರುವ ತನ್ನ ಮಗಳ ಮನೆಗೆ, ಹೋಗುವ ಮುಂಚೆ ಬಂದು ನೀರು ಬಸಿದ ಡ್ರಮ್ಮನ್ನು ಒಬ್ಬನೇ ಮೆಟ್ಟಿಲ ಮೇಲಕ್ಕೆ ಉರುಳಿಸಿದ, ಕೈ ಹಾಕಲಾ ಅಂದರೆ ಕೇಳದವನ ಹಾಗೆ, ಬರ್ತೀನಿ ಅನ್ನಲಿಲ್ಲ — ಡ್ರಮ್ಮು ನಿಂತಿದ್ದಲ್ಲಿ ಸಿಮೆಂಟಿನ ಮೇಲೆ ಒದ್ದೆ ಉಂಗುರ, ಅದನ್ನು ಬಳಸಿ ಹೋಗಿ ಎರಡು ಜಾಡಿ ಸುರಿದಳು, ಬಳಸಿ ಬಂದಳು, ಒದ್ದೆ ಉಂಗುರ, ಮೇಲೆ ಹೋಗಿ ಇನ್ನೆರಡು ತಂದಳು, ಈಗಲೂ ಆರಿಲ್ಲ, ಉಂಗುರ, ನಡುವೆ ಒಣ ನೆಲ.