ಕಿವಿಗೆ ಹಿಡಿದ ಕಾಯಿ

ಟಣ್ — ಚಮಚ ಗಾಜಿನ ಲೋಟಕ್ಕೆ ತಾಗಿತು, ಯಾರಪ್ಪ ಹೀಗೆ ಲೋಟ ಬಡಿಯೋರು, ಮನೆಯಲ್ಲಾಗಿದ್ದರೆ ಅವಳಮ್ಮ ಕೈಮೇಲೆ ಒಂದು ಕೊಟ್ಟಿರುತ್ತಿದ್ದಳು, ಹೌದು, ನನ್ನ ಮಗಳೇ, ಪವಿತ್ರಾನೇ, ಆ ಮೂಲೆಯ ಮೇಜಿನಲ್ಲಿ, ಬೆನ್ನು ನನ್ನ ಕಡೆಗೆ, ಸುತ್ತ ಏಳೆಂಟು ಮಂದಿ, ಹೆಚ್ಚಿನವರು ಹುಡುಗರೇ — ಹಾಗಾದರೆ ನನ್ನ ಬಾಮೈದ ತಿಪ್ಪಯ್ಯ ಹೇಳಿದ್ದು ಸುಳ್ಳಲ್ಲ, ನಿನ್ ಮಗಳು ಕಾಲೇಜಲ್ಲಿರಲ್ಲ ಭಾವ, ಗೇಟ್ ಎದುರು ಕಾಫಿ ಅಂಗಡೀಲಿ ಹುಡುಗ್ರ ಮಧ್ಯೆ ಕೂತಿರ್ತಾಳೆ, ಬಸ್ಸಿಂದ ಕಣ್ಣಾರೆ ನೋಡ್ದೆ, ಕಿಬ್ಬನಹಳ್ಳಿ ಕಡೆ ಒಳ್ಳೆ ಗಂಡೈತೆ, ಭಾನುವಾರ ನೋಡಕ್ಕೆ ಬತ್ತಾರೆ, ಅಷ್ಟ್ರೊಳಗೆ ಓದು ಬುಡ್ಸು. ಟೀಸಿ ಕೊಡಿ ಅನ್ನುವ ಅರ್ಜಿಯನ್ನೂ ಅವನೇ ಬರೆದುಕೊಟ್ಟ, ಕೆಳಗೆ ನಾಲ್ಕನೇ ಕ್ಲಾಸು ಓದಿದ ನನ್ನ ಸೊಟ್ಟ ರುಜು, ಅಂಗಿ ಜೇಬಿನಲ್ಲಿ ಬೆವರಿಗೆ ಮೆತ್ತಗಾಗಿದೆ, ಆಫೀಸಿಗೆ ಕೊಡುವ ಮೊದಲು ಒಂದು ಸಲ ಕಣ್ಣಾರೆ ನೋಡಿಬಿಡೋಣ ಅಂತ ಒಳಗೆ ಬಂದು ಈ ಕಂಬದ ಹಿಂದೆ ಕೂತೆ, ಕೂತವನಿಗೆ ಏಳೋಕಾಗುತ್ತಿಲ್ಲ.

ಟಣ್, ಇನ್ನೊಂದು ಲೋಟ, ಇದರ ದನಿ ಬೇರೆ, ಕೇಳಿಸ್ಕೊಳ್ರೋ ಅನ್ನುತ್ತಾಳೆ, ತುಂಬಿದ ಲೋಟದ ದನಿ ದಪ್ಪ, ಕಾಫಿ ಇಳಿದಷ್ಟೂ ದನಿ ಏರ್ತದೆ, ಯಾಕೆ ಹೇಳಿ, ಅಂದು ಎದುರಿನವನ ಕಾಫಿ ಕಸಿದು ಒಂದು ಗುಟುಕು ಕುಡಿದು ಮತ್ತೆ ಬಡಿಯುತ್ತಾಳೆ, ಎಂಥ ಧೈರ್ಯ ಇವಳಿಗೆ, ಮನೆಯಲ್ಲಿ ಉಪ್ಪು ಬೇಕಾದರೂ ಬಾಯಿಬಿಟ್ಟು ಕೇಳದವಳು ಇಲ್ಲಿ ಹೀಗೆ ಮಾತಾಡುತ್ತಾಳಾ, ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳುತ್ತಾರಾ — ಮೇಷ್ಟ್ರು ಮೂರ್ ಪಿರಿಯಡ್ ಹೇಳಿದ್ರೂ ತಲೆಗೆ ಹತ್ತಿರ್ಲಿಲ್ಲ ಕಣೇ, ಒಂದ್ ಕಾಫೀಲಿ ಹತ್ತುಸ್ಬುಟ್ಟೆ, ಅಂದವನು ಬೀರೇಶನಂತೆ, ಅಂಗಡಿಯ ಲಕ್ಷ್ಮಕ್ಕ ಹೇಳಿದ್ದು, ನನ್ನ ಮುಂದೆ ಕಾಫಿ ಇಟ್ಟು, ನಾನು ಯಾರೆಂದು ತಿಳಿಯದೆ, ಆ ಹುಡುಗಿ ದಿನಾ ಮಧ್ಯಾನ ಇಲ್ಲೇ ಪಾಠ ಮಾಡ್ತದೆ ಕಣ್ರೀ, ಒಳಗೆ ಕೇಳಿದ್ದು ಇಲ್ಲಿ ಬಂದ್ಮೇಲೇ ಗೊತ್ತಾಗದು ಇವ್ಕೆ, ಒಂದ್ ಕಾಫೀಗೆ ಎರಡ್ ಗಂಟೆ ಕೂರ್ತವೆ, ಕೂತ್ಕಳ್ಳಿ ಬುಡಿ ಅಂತೀನಿ. ಎರಡು ಬೆಂಚು, ಮೂರು ಮೇಜು, ಮಸಿ ಹಿಡಿದ ಗೋಡೆ, ಗೋಡೆ ತುಂಬ ಸೀಮೆಸುಣ್ಣದ ಲೆಕ್ಕ, ಅಳಿಸದೆ ಬಿಟ್ಟಿದ್ದಾಳೆ ಈ ಮಹಾತಾಯಿ, ನಾನು ಕಾಲೇಜು ಅಂದರೆ ಗೇಟಿನ ಆಚೆಯದು ಅಂದುಕೊಂಡಿದ್ದೆ.

ಈಗ ಪಕ್ಕಕ್ಕೆ ತಿರುಗಿ ಚೀಲದಿಂದ ಏನೋ ತೆಗೆದಳು, ಮುಖ ಅರ್ಧ ಕಾಣುತ್ತಿದೆ, ತೆಂಗಿನಕಾಯಿ, ಸಿಪ್ಪೆ ಸಮೇತದ ಕಾಯಿ, ನಮ್ಮ ಅಟ್ಟದ್ದೇ, ಉಂಡೆ ಕೊಬ್ಬರಿಗೆ ಅಂತ ಹನ್ನೊಂದು ತಿಂಗಳಿಂದ ಅಲ್ಲಿ ಒಣಗುತ್ತಿರೋದು — ಎರಡೂ ಕೈಯಲ್ಲಿ ಹಿಡಿದು ಕಿವಿಯ ಹತ್ತಿರ ತಂದು ಕಣ್ಣು ಮುಚ್ಚಿ ಅಲ್ಲಾಡಿಸಿದಳು, ಥೇಟು ನಾನೇ, ಕತ್ತು ವಾಲಿಸೋದೂ ಎಡಕ್ಕೇ, ಯಾವಾಗ ನೋಡಿ ಕಲಿತಳೋ, ಲೊಡಲೊಡ, ಒಳಗೆ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿ ಉರುಳುವ ಸದ್ದು. ಕೊಬ್ಬರಿ ಆಗೈತೋ ಇಲ್ವೋ ನಮ್ಮಪ್ಪ ಒಡೆಯದೆ ಹೇಳ್ತಾರೆ ಗೊತ್ತಾ, ಅನ್ನುತ್ತಾಳೆ, ಬರೀ ಕಿವೀಲಿ, ನೀವು ಪುಸ್ತಕದಲ್ಲಿ ಈಗ ಓದ್ತಿರೋದು ನಮ್ಮಪ್ಪಂಗೆ ಮೂವತ್ತು ವರ್ಷದಿಂದ ಗೊತ್ತು. ನನಗಾ, ಗೊತ್ತಾ, ನನಗೇನು ಗೊತ್ತು, ಅಯ್ಯೋ, ಕಣ್ಣು ಒದ್ದೆಯಾಗುತ್ತಿದೆ, ಈ ವಯಸ್ಸಿನಲ್ಲಿ, ಜನರ ಮಧ್ಯೆ — ಗೊತ್ತಿರೋದು ಒಂದೇ, ತಂಗಿ ಮದುವೆಯ ವರ್ಷ ಅವಸರಕ್ಕೆ ಬಿದ್ದು, ಕಿವಿಗೂ ಹಿಡಿಯದೆ, ಎರಡು ತಿಂಗಳು ಮುಂಚೆಯೇ ಅಟ್ಟದ ಕಾಯಿ ಇಳಿಸಿ ಒಡೆದುಬಿಟ್ಟೆ, ಒಂದೂ ಉಂಡೆಯಾಗಿ ಬರಲಿಲ್ಲ, ಎಲ್ಲ ಚಿಪ್ಪಿಗೇ ಅಂಟಿಕೊಂಡು ಚೂರು ಚೂರು, ನನ್ನಪ್ಪ ಬೈಯಲಿಲ್ಲ, ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಚೂರು ಆರಿಸಿದ, ಆ ಬೆನ್ನು ಇವತ್ತಿಗೂ ಕಾಣುತ್ತದೆ. ಜೇಬಿನಲ್ಲಿ ಫೋನು, ತಿಪ್ಪಯ್ಯ, ಟೀಸಿ ಸಿಕ್ತಾ ಭಾವ, ಇಲ್ಲ ಕಣಪ್ಪ, ಮೆಲ್ಲಗೆ ಹೇಳುತ್ತೇನೆ, ಅವಳಿಗೆ ಕೇಳಿಸಬಾರದು, ಭಾನುವಾರ ಅವರು ಬರೋದು ಬ್ಯಾಡ ಅಂತ ಹೇಳ್ಬುಡು, ಯಾಕ್ ಭಾವ, ಹುಡುಗರ ಜೊತೆ ಇದ್ಲಾ, ಇದ್ಲು ಕಣ್ಲಾ, ಓದು ಮುಗೀಲಿ, ಆಮೇಲೆ ಅವಳ್ನೇ ಕೇಳಾನ, ಅವನು ಏನೇನೋ ಕೂಗುತ್ತಿದ್ದಾನೆ, ಇಟ್ಟುಬಿಟ್ಟೆ, ಕಾಫಿ ಆರಿ ಕೆನೆ ಕಟ್ಟಿದೆ, ಅರ್ಜಿಯನ್ನು ಹರಿದು ಲೋಟದ ಕೆಳಗಿಟ್ಟೆ, ಎದ್ದು ಹೋಗಬೇಕು, ಹೋಗಿ ಮಾತಾಡಿಸಬೇಕು, ಏನಂತ, ಎಲ್ಲರೂ ಕಾಯಿಯ ಕಡೆಗೆ ಬಾಗಿದ್ದಾರೆ, ಇನ್ನೊಂದ್ಸಲ ಅಲ್ಲಾಡ್ಸು ಅನ್ನುತ್ತಿದ್ದಾನೆ ಯಾರೋ, ಅವಳು ಮತ್ತೆ ಕಣ್ಣು ಮುಚ್ಚಿದಳು, ಕತ್ತು ಎಡಕ್ಕೆ ವಾಲಿತು, ಕಿವಿಗೆ ಹಿಡಿದ ಕಾಯಿ —