ಚೆಕ್‌ಪಾಯಿಂಟ್ ಚೀಟಿಗಳು

ದೊಡ್ಡ ಹುದ್ದೆಯವರಿಗೆ ದೊಡ್ಡ ಸಂಬಳ ಅಂತ ಜನ ಅಂದುಕೊಂಡಿರುತ್ತಾರೆ. ಅರ್ಧ ಸುಳ್ಳು. ತಿಂಗಳಿಗೆ ಕೈಗೆ ಬರುವುದು ಮನೆ ನಡೆಯುವಷ್ಟು, ಮೇಲೊಂದಿಷ್ಟು. ಉಳಿದದ್ದೆಲ್ಲ ಷೇರು. ಅದು ಸಿಗಬೇಕಾದರೆ ಇಂಥ ದಿನದವರೆಗೆ ಕುರ್ಚಿಯಲ್ಲಿ ಕೂತಿರಬೇಕು, ಇಂಥ ಕೆಲಸ ಮುಗಿದಿರಬೇಕು. ನಡುವೆ ಎದ್ದರೆ ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ.

ನಮ್ಮವರು ಸೂಪರ್‌ಕಂಪ್ಯೂಟರ್ ಕಟ್ಟುವ ಕಂಪನಿಯ ತಾಂತ್ರಿಕ ಮುಖ್ಯಸ್ಥರು. ಅವರ ಆರು ವರ್ಷದ ಷೇರುಗಳನ್ನು ಒಂದು ಹೊಸ ಯಂತ್ರದ ಕೊರಳಿಗೆ ಕಟ್ಟಿದ್ದರು. ಗಿರಾಕಿಗಳು ಅದನ್ನು ಪರೀಕ್ಷಿಸಿ ಒಪ್ಪಿಗೆಯ ಸಹಿ ಹಾಕುವ ದಿನ ಇವರು ಹುದ್ದೆಯಲ್ಲಿರಬೇಕು. ಆರೋಗ್ಯ ಕೆಟ್ಟು ಮೊದಲೇ ಬಿಟ್ಟರೆ ಐದರಲ್ಲೊಂದು ಪಾಲು. ಕರಾರಿನ ಹದಿನಾಲ್ಕನೇ ಪುಟದಲ್ಲಿತ್ತು. ಅದನ್ನು ನಾನು ಎಷ್ಟು ಸಲ ಓದಿದ್ದೇನೆಂದರೆ ಆ ಪುಟದ ಮೂಲೆ ಮೆತ್ತಗಾಗಿತ್ತು.

ಆ ಷೇರುಗಳಲ್ಲಿ ಅರ್ಧ ನನ್ನ ಸಂಬಳ ಅಂತ ನಾನು ಲೆಕ್ಕ ಹಾಕಿಕೊಂಡಿದ್ದೆ. ನಾನೂ ಅದೇ ಕಸುಬಿನವಳು. ಮದುವೆಗೆ ಮುಂಚೆ ನಾವಿಬ್ಬರೂ ಒಂದೇ ಕೋಣೆಯ ಅಕ್ಕಪಕ್ಕದ ಮೇಜಿನವರು. ನನ್ನ ಪ್ರೋಗ್ರಾಮು ಅವರದಕ್ಕಿಂತ ಬೇಗ ಓಡುತ್ತಿತ್ತು. ಮಗಳು ಹುಟ್ಟಿದ ಮೇಲೆ ಇಬ್ಬರಲ್ಲೊಬ್ಬರು ಮನೆಯಲ್ಲಿರಬೇಕಾಯಿತು. ಯಾರು ಅನ್ನುವ ಮಾತೇ ಬರಲಿಲ್ಲ. ಇಪ್ಪತ್ತೆರಡು ವರ್ಷ ಅವರು ಮೇಲೆ ಹತ್ತಿದರು, ನಾನು ಕೆಳಗೆ ಏಣಿ ಹಿಡಿದುಕೊಂಡು ನಿಂತಿದ್ದೆ. ಇದನ್ನು ಹೊಟ್ಟೆಯುರಿಯಿಲ್ಲದೆ ಹೇಳುತ್ತಿದ್ದೇನೆ ಅಂದರೆ ಯಾರೂ ನಂಬಬೇಡಿ.

ಒಪ್ಪಿಗೆಗೆ ಇನ್ನೂ ಒಂಬತ್ತು ತಿಂಗಳಿರುವಾಗ ಒಂದು ಬೆಳಿಗ್ಗೆ ಅವರು ಕಾರಿನ ಬಾಗಿಲು ಹಿಡಿದು ನಿಂತಿದ್ದರು. ಕಿಟಕಿಯಿಂದ ನೋಡಿ ಹೊರಗೆ ಹೋದೆ.

"ಲೇ, ನಾನು ಈಗ ಬಂದ್ನೋ, ಹೊರಟ್ನೋ?" ಅಂದರು.

ನಕ್ಕು, "ಹೊರಟ್ರಿ, ಟೈಮಾಯ್ತು" ಅಂದೆ. ಅವರೂ ನಕ್ಕರು. ಆದರೆ ಒಳಗೆ ಬಂದವಳು ಅಡುಗೆಮನೆಯ ಕಟ್ಟೆ ಹಿಡಿದುಕೊಂಡು ನಿಂತೆ. ನಮ್ಮ ಮಾವನವರಿಗೂ ಹೀಗೇ ಶುರುವಾದದ್ದು. ಅರವತ್ತು ತುಂಬುವ ಮೊದಲೇ ಅರಳು ಮರಳು, ಕೊನೆಗೆ ಮಗನನ್ನೇ ಅಂಚೆಯವನು ಅಂದುಕೊಳ್ಳುತ್ತಿದ್ದರು. ಆಗ ಡಾಕ್ಟರುಗಳು ಇದಕ್ಕೆ ಮದ್ದಿಲ್ಲ ಅಂದಿದ್ದರು. ಹಾಗಾಗಿ ಇವರಿಗೆ ಏನಾಗಿದೆ ಅಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನನಗೇ ಗೊತ್ತಿತ್ತು. ಮದ್ದಿಲ್ಲದ ಕಾಯಿಲೆಯನ್ನು ಡಾಕ್ಟರಿಗೆ ತೋರಿಸಿ ಏನು ಸಿಗುತ್ತದೆ? ಒಂದು ಚೀಟಿ ಸಿಗುತ್ತದೆ. ಆ ಚೀಟಿ ಕಂಪನಿಗೆ ಗೊತ್ತಾದರೆ ಹದಿನಾಲ್ಕನೇ ಪುಟ. ನಮ್ಮ ಕಸುಬಿನ ಲೋಕ ಚಿಕ್ಕದು, ಒಂದು ಮನೆಯಲ್ಲಿ ಕೆಮ್ಮಿದರೆ ಇನ್ನೊಂದು ಮನೆಯಲ್ಲಿ ಕಷಾಯ ಕುದಿಯುತ್ತದೆ.

ಅವತ್ತು ಸಂಜೆ ಅವರನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಆಗಿನ್ನೂ ಅವರ ತಲೆ ಮುಕ್ಕಾಲು ಪಾಲು ಸರಿಯಿತ್ತು. "ಚೆಕ್‌ಪಾಯಿಂಟ್ ಇಟ್ಕೊಂಡು ಓಡ್ಸೋಣ" ಅಂದರು.

ಅದು ನಮ್ಮ ಕಸುಬಿನ ಪದ್ಧತಿ. ದೊಡ್ಡ ಯಂತ್ರದಲ್ಲಿ ಒಂದು ಲೆಕ್ಕ ವಾರಗಟ್ಟಲೆ ಓಡುತ್ತದೆ. ಕಂಪ್ಯೂಟರುಗಳು ತುಂಬಿದ ನೂರಾರು ಕಬ್ಬಿಣದ ಕಪಾಟುಗಳಲ್ಲಿ ಒಂದು ಕೆಟ್ಟರೂ ಇಡೀ ಲೆಕ್ಕ ಬೀಳುತ್ತದೆ. ಅದಕ್ಕೆ ಗಂಟೆಗೊಮ್ಮೆ, ಇಲ್ಲಿಯವರೆಗೆ ಆದದ್ದು ಇಷ್ಟು ಅಂತ ಬರೆದಿಡುತ್ತಾರೆ. ಬಿದ್ದರೆ ಮೊದಲಿನಿಂದ ಶುರು ಮಾಡುವುದಿಲ್ಲ, ಬರೆದಿಟ್ಟ ಜಾಗದಿಂದ ಎಬ್ಬಿಸುತ್ತಾರೆ. ಅದೇ ಚೆಕ್‌ಪಾಯಿಂಟ್. ಮನುಷ್ಯನನ್ನೂ ಹಾಗೆ ಎಬ್ಬಿಸಬಹುದು ಅಂತ ಅಂದುಕೊಳ್ಳಲು ನಮ್ಮಂಥವರಿಗೆ ಮಾತ್ರ ಸಾಧ್ಯ.

ಮಾರನೆಯ ದಿನದಿಂದ ಚೀಟಿ ಶುರುವಾಯಿತು. ಅಂಗೈಯಗಲದ ದಪ್ಪ ಹಾಳೆ, ಮೇಲೆ ತಾರೀಖು. ನಿನ್ನೆ ಏನಾಯಿತು, ಇವತ್ತು ಯಾರ ಜೊತೆ ಮಾತು, ಯಾರ ಮೇಲೆ ಸಿಟ್ಟು ಮಾಡಬೇಕು, ಯಾರನ್ನು ಹೊಗಳಬೇಕು. ಹಲ್ಲುಜ್ಜುತ್ತಾ ಓದುತ್ತಿದ್ದರು, ಜೇಬಿಗಿಡುತ್ತಿದ್ದರು. ಸಂಜೆ ಅದನ್ನು ತೆಗೆದು ನಾನು ಡಬ್ಬಿಗೆ ಹಾಕುತ್ತಿದ್ದೆ. ಬೆನ್ನುನೋವು ಅಂತ ನೆವ ಹೇಳಿ ಮನೆಯಿಂದಲೇ ಕೆಲಸ ಮಾಡುವ ಅನುಮತಿ ತಂದೆವು. ಮೀಟಿಂಗುಗಳೆಲ್ಲ ಪರದೆಯ ಮೇಲೆ. ಕ್ಯಾಮೆರಾದ ಹಿಂದೆ, ಅವರಿಗೆ ಮಾತ್ರ ಕಾಣುವಂತೆ ನಾನು ಕೂರುತ್ತಿದ್ದೆ. ಮಗಳು ಅಕ್ಷರ ಕಲಿತ ಸ್ಲೇಟು ಅಟ್ಟದ ಮೇಲಿತ್ತು. ಅದರ ಮೇಲೆ ಉತ್ತರ ಬರೆದು ಎತ್ತಿ ಹಿಡಿಯುತ್ತಿದ್ದೆ, ಅವರು ಗಂಭೀರವಾಗಿ ಓದುತ್ತಿದ್ದರು. ಓದುವ ಮುಂಚೆ ಒಂದು ಕ್ಷಣ ತಡೆಯುತ್ತಿದ್ದರಲ್ಲ, ಅದನ್ನು ಜನ ಆಲೋಚನೆ ಅಂದುಕೊಂಡರು. ಮೊದಲಿಗಿಂತ ತೂಕದ ಮಾತಾಡುತ್ತಾರೆ ಅಂತ ಹೆಸರು ಬಂತು.

ನಿಜ ಹೇಳಬೇಕು, ನನಗೆ ಖುಷಿಯಾಗುತ್ತಿತ್ತು. ಇಪ್ಪತ್ತೆರಡು ವರ್ಷದ ಮೇಲೆ ನನ್ನ ಮಾತಿಗೆ ನಲವತ್ತು ಎಂಜಿನಿಯರುಗಳು ತಲೆಯಾಡಿಸುತ್ತಿದ್ದರು. ನಮ್ಮವರು ಪಾದಗಳನ್ನು ನೆಲಕ್ಕೆ ಅಂಟಿಕೊಂಡಂತೆ ಎಳೆದೆಳೆದು ನಡೆಯುತ್ತಿದ್ದುದನ್ನು ನೋಡುತ್ತಿದ್ದೆ. ಬಾತ್‌ರೂಮಿಗೆ ಹೋಗುವಷ್ಟರಲ್ಲಿ ಪ್ಯಾಂಟು ಒದ್ದೆಯಾಗುತ್ತಿದ್ದುದನ್ನೂ ನೋಡುತ್ತಿದ್ದೆ. ಕಪ್ಪು ಪ್ಯಾಂಟುಗಳನ್ನು ಕೊಂಡುತಂದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಂತೆ ದಿನ ದಾಟಿಸಿದೆ.

ಎರಡನೇ ತಿಂಗಳಲ್ಲಿ ಮಗಳು ನಾಲ್ಕು ದಿನಕ್ಕೆಂದು ಬಂದಳು. ಅವಳು ಶಾಲೆಯಲ್ಲಿ ಪಾಠ ಹೇಳುವವಳು, ಮಕ್ಕಳ ಮುಖ ಓದಿ ಅಭ್ಯಾಸ. ಮಾರನೆಯ ದಿನ ಪಾತ್ರೆ ಒರೆಸುತ್ತಾ ಪಿಸುಗುಟ್ಟಿದಳು.

"ಅಮ್ಮಾ, ಅಪ್ಪ ಯಾಕೆ ಹೀಗೆ ನಡೀತಾರೆ? ನಿನ್ನೆ ನನ್ನ ಮೂರು ಸಲ ಯಾವಾಗ ಬಂದೆ ಅಂತ ಕೇಳಿದ್ರು. ಡಾಕ್ಟ್ರಿಗೆ ತೋರಿಸ್ಬಾರ್ದಾ?"

"ಬೆನ್ನು ನೋವು ಕಣೇ. ಕೆಲಸದ ಒತ್ತಡ."

"ನಾನೇ ಅವರನ್ನ ಕೇಳ್ತೀನಿ ಬಿಡು."

ಕೇಳಿಯೇ ಕೇಳುತ್ತಾಳೆ ಅಂತ ನನಗೆ ಗೊತ್ತು, ನನ್ನ ಮಗಳಲ್ಲವೇ. ಅದರ ಮಾರನೆಯ ಬೆಳಿಗ್ಗೆ ಊಟದ ಮೇಜಿನಲ್ಲಿ ಕೇಳಿದಳು. ಅವರು ಅವಳ ಮುಖ ನೋಡಿದರು. ತಲೆ ಹಿಂದಕ್ಕೆ ಹಾಕಿ, ಹೊಟ್ಟೆ ಕುಣಿಯುವಂತೆ ನಕ್ಕರು. ಅಷ್ಟು ಚೆನ್ನಾಗಿ ಅವರು ನಕ್ಕು ವರ್ಷಗಳಾಗಿದ್ದವು. ಮಗಳೂ ನಕ್ಕಳು, ಕಣ್ಣೊರೆಸಿಕೊಂಡಳು, "ಸರಿ ಬಿಡಪ್ಪಾ, ಗಟ್ಟಿಮುಟ್ಟಾಗಿದೀಯ" ಅಂತ ಅವರ ಬೆನ್ನು ತಟ್ಟಿದಳು. ಆ ನಗು ಅವತ್ತಿನ ಚೀಟಿಯಲ್ಲಿ ನಾನು ಬರೆದುಕೊಟ್ಟದ್ದು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಅಂತ ನಾನು ಕಾಫಿ ಬಗ್ಗಿಸಿದೆ.

ಏಳನೇ ತಿಂಗಳಲ್ಲಿ ಯಂತ್ರದ ಪರೀಕ್ಷೆ ಶುರುವಾಯಿತು. ಮೂವತ್ತು ದಿನ ಬೀಳದೆ ಓಡಬೇಕು. ನಾಲ್ಕನೇ ದಿನಕ್ಕೆ ಬಿತ್ತು. ಮತ್ತೆ ಎಬ್ಬಿಸಿದರು, ಮತ್ತೆ ನಾಲ್ಕನೇ ದಿನಕ್ಕೆ ಬಿತ್ತು. ಎಂಜಿನಿಯರುಗಳು ಯಂತ್ರವನ್ನು ತಂಪಾಗಿಡುವ ನೀರಿನ ಪೈಪು ಬಿಚ್ಚಿದರು, ಪಂಪು ಬದಲಿಸಿದರು. ನಾನು ನಮ್ಮವರ ಮೇಜಿನಲ್ಲಿ ಕೂತು ಯಂತ್ರ ತಾನೇ ಬರೆದಿಟ್ಟುಕೊಳ್ಳುವ ದಿನಚರಿಯನ್ನು ಸಾಲು ಸಾಲಾಗಿ ಓದಿದೆ. ತಪ್ಪು ಪಂಪಿನದಲ್ಲ. ಎಲ್ಲ ಕಪಾಟುಗಳೂ ಒಂದೇ ಕ್ಷಣಕ್ಕೆ ಚೆಕ್‌ಪಾಯಿಂಟ್ ಬರೆಯಲು ಹೋಗಿ, ಸಿನಿಮಾ ಬಿಟ್ಟಾಗ ಒಂದೇ ಬಾಗಿಲಿಗೆ ನುಗ್ಗುವ ಜನರ ಹಾಗೆ ಸಿಕ್ಕಿಕೊಳ್ಳುತ್ತಿದ್ದವು. ಸರದಿಯಲ್ಲಿ ಬರೆಯಲಿ ಅಂತ ಅವರ ಹೆಸರಿನಲ್ಲಿ ಪತ್ರ ಕಳಿಸಿದೆ. ಆಮೇಲೆ ಯಂತ್ರ ಬೀಳಲಿಲ್ಲ.

ಹದಿನೈದನೇ ದಿನ ಸಂಬಳ ಸಮಿತಿಯ ಅಧ್ಯಕ್ಷರು ಹೂಗುಚ್ಛ ಹಿಡಿದುಕೊಂಡು ಮನೆಗೇ ಬಂದರು. ಮುಖ್ಯಸ್ಥರ ಸಂಬಳ, ಬೋನಸ್ಸು, ಷೇರು ಎಲ್ಲ ತೀರ್ಮಾನಿಸುವುದು ಇವರೇ. ಸ್ಲೇಟು ಎತ್ತುವ ಹಾಗಿರಲಿಲ್ಲ. ನಾನು ಟ್ರೇ ಹಿಡಿದು ನಿಂತಿದ್ದೆ.

"ಆ ಪತ್ರ ಓದ್ದೆ. ಈ ವಯಸ್ಸಲ್ಲೂ ಎಂಥ ತಲೆ ಸಾರ್ ನಿಮ್ದು!" ಅಂದರು ಅಧ್ಯಕ್ಷರು.

ನಮ್ಮವರು ನಿಧಾನವಾಗಿ, "ಅದು ನಾನಲ್ಲ" ಅಂದರು. "ಒಬ್ಬರು ಹೆಂಗಸಿದಾರೆ. ಎದುರಿಗೆ ಕೂತು ಬರೆದು ತೋರಿಸ್ತಾರೆ. ನಾನು ಓದ್ತೀನಿ, ಅಷ್ಟೇ."

ಟ್ರೇಯ ಲೋಟಗಳು ಗಲಗಲ ಅಂದವು. ಅಧ್ಯಕ್ಷರು ಹೋ ಅಂತ ನಕ್ಕರು.

"ಎಲ್ಲರ ಮನೇಲೂ ಅದೇ ಕಥೆ ಸಾರ್! ನಾವು ಬರೀ ಓದೋರು, ಬರೆಯೋರು ಅವರೇ!" ನನ್ನ ಕಡೆ ತಿರುಗಿ, "ಏನಮ್ಮಾ, ಸರಿ ತಾನೇ?" ಅಂದರು.

ನಾನೂ ನಕ್ಕೆ. ಸತ್ಯವನ್ನು ಅಷ್ಟು ಸಲೀಸಾಗಿ ಬಿಸಾಕಿದ್ದನ್ನು ನಾನು ಅವತ್ತೇ ನೋಡಿದ್ದು. ಅವರು ಹೋದ ಮೇಲೆ ಲೋಟ ಎತ್ತಲು ಬಂದಾಗ ನಮ್ಮವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮೂವತ್ತು ವರ್ಷ ನನ್ನನ್ನು 'ಲೇ', 'ನೀನು' ಅಂತಲೇ ಕರೆದವರು.

"ನೀವು ತುಂಬ ಚೆನ್ನಾಗಿ ಕೆಲಸ ಮಾಡ್ತೀರ" ಅಂದರು, ಬಹಳ ಮರ್ಯಾದೆಯಿಂದ. "ನಿಮಗೆ ಇಲ್ಲಿ ಎಷ್ಟು ಸಂಬಳ ಕೊಡ್ತಾರೆ?"

ಸಿಂಕಿನ ನಲ್ಲಿ ಬಿಟ್ಟು ಅತ್ತೆ. ಆದರೆ ಮಾರನೆಯ ಬೆಳಿಗ್ಗೆ ಚೀಟಿ ಬರೆದೆ. ಮೊದಲ ಸಾಲು: ಮನೆಯಲ್ಲಿರುವವಳು ನಿಮ್ಮ ಹೆಂಡತಿ. ಇನ್ನು ಹದಿನೈದೇ ದಿನ ಉಳಿದಿತ್ತು.

ಮೂವತ್ತನೇ ದಿನ ಸಹಿ ಬಿತ್ತು. ಅದರ ಮಾರನೆಯ ವಾರ ಷೇರುಗಳು ಅವರ ಹೆಸರಿಗೆ ಬಂದವು. ಇನ್ನು ಮೂರು ವರ್ಷ ಇರಿ ಅಂತ ಕಂಪನಿ ಗೋಗರೆಯಿತು. ಬೇಡ ಅಂತ ನಾನೇ ರಾಜೀನಾಮೆ ಬರೆದೆ, ಅವರು ಸಹಿ ಮಾಡಿದರು. ನಡುಗುವ ಸಹಿಯನ್ನು ಕಂಪನಿಯವರು ಭಾವುಕತೆ ಅಂದುಕೊಂಡರಂತೆ. ಆಮೇಲೆ, ಇನ್ನು ಬಚ್ಚಿಡುವುದಕ್ಕೆ ಏನೂ ಇಲ್ಲ ಅಂದಾದ ಮೇಲೆ, ಡಾಕ್ಟರಿಗೆ ಫೋನು ಮಾಡಿದೆ. ಮದ್ದು ಕೇಳಲಿಕ್ಕಲ್ಲ. ನೋಡಿಕೊಳ್ಳುವುದು ಹೇಗೆ ಅಂತ ಕೇಳಲಿಕ್ಕೆ.

ಡಾಕ್ಟರಮ್ಮ ನನ್ನ ಮಗಳಿಗಿಂತ ಹತ್ತು ವರ್ಷ ದೊಡ್ಡವರಿರಬೇಕು. ನಮ್ಮವರನ್ನು ಕೋಣೆಯ ಆ ತುದಿಯಿಂದ ಈ ತುದಿಗೆ ನಡೆಸಿದರು, ತಲೆಯ ಸ್ಕ್ಯಾನು ತೆಗೆಸಿದರು. ಮೂರನೇ ದಿನ ಚಿತ್ರವನ್ನು ಬೆಳಕಿಗೆ ಹಿಡಿದರು. ನಡುವೆ ಎರಡು ದೊಡ್ಡ ಕಪ್ಪು ಕೆರೆಗಳಿದ್ದವು.

"ಇದು ನೀರು. ಎಲ್ಲರ ತಲೇಲೂ ಇರುತ್ತೆ, ಇವರದು ಸರಿಯಾಗಿ ಇಳೀದೆ ತುಂಬ್ಕೊಂಡು ಮಿದುಳನ್ನ ಒತ್ತುತಾ ಇದೆ. ಕಾಲೆಳೆಯೋದು, ಉಚ್ಚೆ ತಡೆಯೋಕಾಗದೇ ಇರೋದು, ಮರೆವು, ಮೂರೂ ಇದರದ್ದೇ. ಅವರ ತಂದೆಗೆ ಬಂದದ್ದು ಇದಲ್ಲ. ಅದೇ ಅಂತ ನಿಮಗೆ ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ" ಅಂದೆ. "ನನಗೆ ಗೊತ್ತಿತ್ತು."

"ಇದಕ್ಕೆ ಆಪರೇಷನ್ ಇದೆ. ಸಣ್ಣ ಕೊಳವೆ ಹಾಕಿ ನೀರು ಇಳಿಸ್ತೀವಿ. ಬೇಗ ಬಂದವರು ಎಷ್ಟೋ ಜನ ಮೊದಲಿನ ಹಾಗಾಗ್ತಾರೆ." ಅಲ್ಲಿಗೆ ನಿಲ್ಲಿಸಿದರು. "ಈಗಲೂ ಹಾಕ್ತೀವಿ. ನಡಿಗೆ ಸ್ವಲ್ಪ ಸುಧಾರಿಸಬಹುದು. ಹೋದ ನೆನಪು ಬರುತ್ತೆ ಅಂತ ನಾನು ಸುಳ್ಳು ಹೇಳಲ್ಲ."

ನಮ್ಮವರು ಪಕ್ಕದ ಕುರ್ಚಿಯಲ್ಲಿ ಶರಟಿನ ಗುಂಡಿಯೊಂದನ್ನು ಹಾಕುತ್ತಾ ಬಿಚ್ಚುತ್ತಾ ಕೂತಿದ್ದರು. ಯಂತ್ರದೊಳಗೆ ನೀರು ಎಲ್ಲಿ ಕಟ್ಟಿಕೊಂಡಿದೆ ಅಂತ ಪೈಪು ಮುಟ್ಟಿಯೇ ಹೇಳುತ್ತಿದ್ದವರು.

"ಯಾವಾಗ ಬಂದಿದ್ರೆ ಆಗ್ತಿತ್ತು?" ಅಂದೆ.

"ಅದನ್ನ ಕೇಳಿ ಈಗೇನಮ್ಮಾ?"

"ನನಗೆ ತಾರೀಖು ಬೇಕು" ಅಂತ ಕಿರುಚಿದೆ. ಚೀಲದಿಂದ ಡಬ್ಬಿ ತೆಗೆದು ಚೀಟಿಗಳನ್ನೆಲ್ಲ ಡಾಕ್ಟರಮ್ಮನ ಮೇಜಿನ ಮೇಲೆ ಸುರಿದೆ. ಯಾವಾಗ ಏನು ಶುರುವಾಯಿತು ಅಂತ ಬರೆದುಕೊಂಡು ಬನ್ನಿ ಅಂತ ಅವರೇ ಫೋನಿನಲ್ಲಿ ಹೇಳಿದ್ದರು. ಬರೆಯುವ ಕೆಲಸ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರು ಬೈಯಲಿಲ್ಲ. ತಾರೀಖಿನ ಪ್ರಕಾರ ಜೋಡಿಸಿಕೊಂಡು ಓದುತ್ತಾ ಹೋದರು. ಬಹಳ ಹೊತ್ತು ಹಿಡಿಯಿತು. ಒಂದು ಕಡೆ ಬೆರಳು ನಿಂತಿತು.

"ಖಚಿತವಾಗಿ ಯಾರೂ ಹೇಳೋಕಾಗಲ್ಲ. ಆದ್ರೂ ಇಲ್ಲಿವರೆಗೂ ಇವರು ಮಾತನ್ನ ಚೆನ್ನಾಗಿ ಹಿಡೀತಿದ್ರು ಅನ್ಸುತ್ತೆ. ಈ ದಿನ ಬಂದಿದ್ರೆ..." ಅಂತ ಆ ಚೀಟಿ ತೆಗೆದು ಕನ್ನಡಕ ಸರಿಮಾಡಿಕೊಂಡು, ನಾನು ತಡೆಯುವಷ್ಟರಲ್ಲಿ ಗಟ್ಟಿಯಾಗಿ ಓದಿದರು.

"ಮಗಳು ಬಂದಿದ್ದಾಳೆ. ಎರಡು ದಿನದಲ್ಲಿ ಹೋಗುತ್ತಾಳೆ. ಡಾಕ್ಟರಿಗೆ ತೋರಿಸೋಣ ಅಂತ ಕೇಳಿದರೆ ಏನೂ ಹೇಳಬೇಡಿ, ಜೋರಾಗಿ ನಕ್ಕುಬಿಡಿ."

ಗುಂಡಿಯ ಮೇಲಿದ್ದ ಕೈ ನಿಂತಿತು. ಅವರು ಡಾಕ್ಟರಮ್ಮನ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ತಲೆ ಹಿಂದಕ್ಕೆ ಹಾಕಿ, ಹೊಟ್ಟೆ ಕುಣಿಯುವಂತೆ, ಜೋರಾಗಿ ನಕ್ಕರು.